ಮಗು ಕುಂಡೆ ಕೆಳಗೆ ಮಾಡಿ ಕೂತಿದೆಯಂತೆ: 33 ವಾರ, ಅನುಭವ ಇದ್ದವರು ಹೇಳಿ

ನಮಸ್ಕಾರ ಅಕ್ಕಂದಿರೇ. ಕಾಸರಗೋಡಿನ ಬದಿಯಡ್ಕದ ಹತ್ತಿರದವಳು ನಾನು. ಚೊಚ್ಚಲ ಬಸುರಿ, ಈಗ 33 ವಾರ. ಮೊನ್ನೆ ಸ್ಕ್ಯಾನ್ ಮಾಡಿದವರು ಮಲಯಾಳದಲ್ಲಿ "ತಲ ಮೇಲೆಯಾಣ್" (ತಲೆ ಮೇಲಿದೆ) ಅಂದರು, ಮತ್ತೆ ಎಂತದೂ ಹೇಳಲಿಲ್ಲ. ರಿಪೋರ್ಟಿನಲ್ಲಿ ಬ್ರೀಚ್ ಅಂತಲೂ ಪ್ಲಾಸೆಂಟಾ ಆಂಟೀರಿಯರ್ ಅಂತಲೂ ಇದೆ. ಎಣ್ಣೆ ಹಚ್ಚಿ ಮಗುವನ್ನು ತಿರುಗಿಸುವವರು ಒಬ್ಬರಿದ್ದಾರೆ, ಕರೆಸುವಾ ಅಂತ ಅತ್ತೆ ಹೇಳುತ್ತಿದ್ದಾರೆ. ಡಾಕ್ಟರನ್ನು ನೋಡಲು ಇನ್ನೂ 10 ದಿನ ಇದೆ. ಮಗು ಹೇಗೆ ಕೂತಿದೆ ಅಂತ ನಮಗೇ ಗೊತ್ತಾಗುತ್ತದಾ? ಅದು ತಿರುಗುತ್ತದಾ? ನನಗೆ ರಾತ್ರಿ ನಿದ್ದೆಯೇ ಇಲ್ಲ.

ಪೆರ್ಲದಿಂದ:

ತಂಗೀ, ನನ್ನ ಎರಡನೆಯವನು 32 ವಾರಕ್ಕೆ ಹಾಗೆಯೇ ಕೂತಿದ್ದ. ಒದೆತವೆಲ್ಲ ಕೆಳಗೆ, ಮೂತ್ರಚೀಲದ ಮೇಲೆಯೇ. ಒಂದು ಒದೆ ಬಿದ್ದರೆ ಬಚ್ಚಲಿಗೆ ಓಡಬೇಕು. ಬಲಗಡೆ ಪಕ್ಕೆಲುಬಿನ ಕೆಳಗೆ ಗಟ್ಟಿ ಉಂಡೆಯೊಂದು ತಾಗುತ್ತಿತ್ತು. ಬಗ್ಗಿ ಗುಡಿಸುವುದಕ್ಕೇ ಆಗುತ್ತಿರಲಿಲ್ಲ.

35ನೇ ವಾರದಲ್ಲಿ ಒಂದು ರಾತ್ರಿ ಹೊಟ್ಟೆ ಇಡೀ ಒಂದು ಕಡೆಯಿಂದ ಇನ್ನೊಂದು ಕಡೆಗೆ ಉಬ್ಬಿ ಹೊರಳಿತು. ನೋವು ಅಂತಲ್ಲ, ಉಸಿರು ಹಿಡಿದ ಹಾಗೆ ಆಯಿತು. ಮರುದಿನ ಜಗಲಿಯಲ್ಲಿ ಕೂತು ಹಲಸಿನ ಸೊಳೆ ಬಿಡಿಸುತ್ತಿದ್ದೆ. ಸ್ಟೀಲ್ ಬಟ್ಟಲು ತೊಡೆಯ ಮೇಲೆ, ಅದರ ಅಂಚು ಕೆಳಹೊಟ್ಟೆಗೆ ಒರಗಿತ್ತು. ನೋಡುತ್ತಾ ಇದ್ದ ಹಾಗೆ ಬಟ್ಟಲು ಒಂದೇ ತಾಳದಲ್ಲಿ ಸಣ್ಣಗೆ ಅಲುಗಲು ಶುರುವಾಯಿತು. ಮಗುವಿಗೆ ಬಿಕ್ಕಳಿಕೆ! ಅಲ್ಲಿಯ ತನಕ ಬಿಕ್ಕಳಿಕೆ ಹೊಕ್ಕುಳದ ಮೇಲೆ ತಿಳಿಯುತ್ತಿತ್ತು, ಈಗ ತೊಡೆಸಂದಿಯ ಹತ್ತಿರ. ಆ ವಾರದ ಸ್ಕ್ಯಾನಿನಲ್ಲಿ ತಲೆ ಕೆಳಗೆ ಬಂದಿತ್ತು. ಎಲ್ಲರಿಗೂ ಹೀಗೆಯೇ ಆಗುತ್ತದೆ ಅಂತ ಹೇಳುವುದಿಲ್ಲ, ಆದರೆ 33 ವಾರಕ್ಕೆ ನಿದ್ದೆ ಬಿಡಬೇಡಿ.

ಕುಂಬಳೆಯಿಂದ, ನರ್ಸ್ ಆಗಿ ನಿವೃತ್ತಿಯಾದವಳು:

ಮೊದಲು ಆ ರಿಪೋರ್ಟನ್ನು ಬಿಡಿಸಿ ಹೇಳುತ್ತೇನೆ ಮಗಳೇ, ಅರ್ಧ ಹೆದರಿಕೆ ಅಲ್ಲಿಯೇ ಇರುವುದು. ಸಿಫ್ಯಾಲಿಕ್ ಅಥವಾ ವರ್ಟೆಕ್ಸ್ ಅಂದರೆ ತಲೆ ಕೆಳಗೆ. ಬ್ರೀಚ್ ಅಂದರೆ ಕುಂಡೆಯೋ ಕಾಲೋ ಕೆಳಗೆ. ಟ್ರಾನ್ಸ್‌ವರ್ಸ್ ಅಂದರೆ ಮಗು ಅಡ್ಡ ಮಲಗಿದೆ ಅಂತ. ಆಂಟೀರಿಯರ್ ಅಂತ ಬರೆದದ್ದು ಮಗುವಿನ ಬಗ್ಗೆ ಅಲ್ಲವೇ ಅಲ್ಲ. ಮಾಸು, ಅಂದರೆ ಪ್ಲಾಸೆಂಟಾ, ಗರ್ಭಕೋಶದ ಮುಂದಿನ ಗೋಡೆಗೆ ಅಂಟಿಕೊಂಡಿದೆ ಅಂತ ಅರ್ಥ. ಅದು ರೋಗ ಅಲ್ಲ. ಮಗುವಿಗೂ ನಿಮ್ಮ ಹೊಟ್ಟೆಯ ಚರ್ಮಕ್ಕೂ ನಡುವೆ ಒಂದು ದಿಂಬು ಇಟ್ಟ ಹಾಗೆ. ಹಾಗಾಗಿ ಎದುರಿನ ಒದೆತ ಮೆತ್ತಗೆ, ಬದಿಗಳಲ್ಲಿ ಜಾಸ್ತಿ ತಿಳಿಯುತ್ತದೆ. ಮಾಸು ಇಂಥ ಕಡೆ ಇದ್ದರೆ ಗಂಡು, ಮಗು ಬಲಕ್ಕೆ ಕೂತರೆ ಗಂಡು ಅಂತ ಮನೆಗೆ ಬಂದವರು ಹೇಳಬಹುದು. ನಂಬಬೇಡಿ. 1994ರ ಕಾನೂನಿನ ಪ್ರಕಾರ ಸ್ಕ್ಯಾನಿನಲ್ಲಿ ಗಂಡೋ ಹೆಣ್ಣೋ ಅಂತ ಹೇಳುವಂತೆಯೇ ಇಲ್ಲ. ಈ ಯಾವ ಶಬ್ದಕ್ಕೂ ಆ ಅರ್ಥವೂ ಇಲ್ಲ.

ಇನ್ನು ತಿರುಗುವ ವಿಷಯ. 28 ವಾರದ ಹೊತ್ತಿಗೆ 100 ಮಕ್ಕಳಲ್ಲಿ 20ರಿಂದ 25 ಬ್ರೀಚ್ ಆಗಿಯೇ ಇರುತ್ತವೆ. ದಿನ ತುಂಬುವಾಗ ಉಳಿಯುವುದು 3ರಿಂದ 4. ಉಳಿದವೆಲ್ಲ ಯಾರೂ ಮುಟ್ಟದೆ ತಾವಾಗಿಯೇ ತಿರುಗಿದವು. ಗರ್ಭಕೋಶ ಮೇಲೆ ಅಗಲ, ಕೆಳಗೆ ಸಪೂರ. ಮಗು ಬೆಳೆದ ಹಾಗೆ, ಮಡಚಿದ ಕಾಲು ಮತ್ತು ಕುಂಡೆ ಸೇರಿದ ಭಾಗಕ್ಕೆ ಜಾಗ ಜಾಸ್ತಿ ಬೇಕು, ಅದು ಮೇಲಿನ ಅಗಲಕ್ಕೆ ಹೋಗುತ್ತದೆ. ತಲೆ ಕೆಳಗೆ ಹೊಂದಿಕೊಳ್ಳುತ್ತದೆ. ಹಾಗಾಗಿ 36 ವಾರದ ಮೊದಲು ಸ್ಕ್ಯಾನಿನಲ್ಲಿ ಬರುವುದು ಮಗು ಆ ದಿನ ಹೇಗಿತ್ತು ಅನ್ನುವುದು ಮಾತ್ರ.

ಕೈಯಲ್ಲಿ ನೋಡುವುದು ಹೇಗೆ ಅಂತ ಹೇಳುತ್ತೇನೆ, ಪರೀಕ್ಷೆ ಮಾಡುವಾಗ ಅವರು ಏನು ಮಾಡುತ್ತಿದ್ದಾರೆ ಅಂತ ನಿಮಗೆ ತಿಳಿಯಲಿ. ಜರ್ಮನಿಯ ಡಾಕ್ಟರ್ ಲಿಯೋಪೋಲ್ಡ್ ಅವರ ಹೆಸರಿನಲ್ಲಿ ನಾಲ್ಕು ಹಂತದ ಕ್ರಮ ಇದೆ. ಮೂತ್ರ ಮಾಡಿ ಬಂದು, ಮೊಣಕಾಲು ಸ್ವಲ್ಪ ಮಡಚಿ ಮಲಗಬೇಕು. ನಾವು ಅಂಗೈ ಉಜ್ಜಿ ಬಿಸಿ ಮಾಡಿಕೊಳ್ಳುತ್ತೇವೆ, ತಣ್ಣನೆಯ ಕೈ ತಾಗಿದರೆ ಹೊಟ್ಟೆ ಬಿಗಿಯುತ್ತದೆ. ಮೊದಲು ಹೊಟ್ಟೆಯ ಮೇಲ್ತುದಿ. ಆಮೇಲೆ ಎರಡೂ ಬದಿ: ಒಂದು ಕಡೆ ಉದ್ದಕ್ಕೆ ನಯವಾಗಿ ಸಿಕ್ಕಿದರೆ ಅದು ಬೆನ್ನು, ಇನ್ನೊಂದು ಕಡೆ ಗಂಟು ಗಂಟಾಗಿ ಸಿಕ್ಕುವುದು ಕೈಕಾಲು. ಮೂರನೆಯದು ಕೆಳಹೊಟ್ಟೆ. ಕೊನೆಗೆ ನಿಮ್ಮ ಪಾದದ ಕಡೆಗೆ ತಿರುಗಿ ನಿಂತು, ಕೆಳಗಿನ ಭಾಗ ಸೊಂಟದೊಳಗೆ ಎಷ್ಟು ಇಳಿದಿದೆ ಅಂತ ನೋಡುವುದು.

ತಲೆ ಸಿಕ್ಕಿದರೆ ಬಟ್ಟೆಚೀಲದೊಳಗೆ ಚಕ್ಕೋತ ಇಟ್ಟ ಹಾಗೆ. ಗಟ್ಟಿ, ಉರುಟು, ಬೆರಳಲ್ಲಿ ತಟ್ಟಿದರೆ ಅದೊಂದೇ ಅತ್ತಿತ್ತ ಹೋಗಿ ಬರುತ್ತದೆ. ಕುಂಡೆ ಮೆತ್ತಗೆ, ಅಲುಗಿಸಿದರೆ ಇಡೀ ಮೈ ಜೊತೆಗೆ ಬರುತ್ತದೆ. ಎದೆಬಡಿತವೂ ಗುರುತು ಹೇಳುತ್ತದೆ. ತಲೆ ಕೆಳಗಿದ್ದರೆ ಸಾಮಾನ್ಯವಾಗಿ ಹೊಕ್ಕುಳದಿಂದ ಕೆಳಗೆ ಚೆನ್ನಾಗಿ ಕೇಳುತ್ತದೆ, ಬ್ರೀಚ್ ಆದರೆ ಹೊಕ್ಕುಳದ ಮಟ್ಟದಲ್ಲಿ ಅಥವಾ ಮೇಲೆ.

ಮನೆಯಲ್ಲಿ ನೀವು ಒತ್ತಿ ಹುಡುಕಬೇಡಿ. ಒದೆತ ಎಲ್ಲಿ, ಬಿಕ್ಕಳಿಕೆ ಎಲ್ಲಿ, ಯಾವ ಕಡೆ ಗಟ್ಟಿ, ಇಷ್ಟನ್ನು ಎರಡು ಮೂರು ದಿನ ಬರೆದಿಡಿ. ಮಾಸು ಮುಂದಿರುವುದರಿಂದ ನಿಮಗೆ ಸ್ಪಷ್ಟ ಆಗದೆಯೂ ಹೋಗಬಹುದು. ಕುಂಡೆಯನ್ನು ತಲೆ ಅಂತ ತಿಳಿದ ಸಲ ನನ್ನ ಕೆಲಸದಲ್ಲೂ ಇದೆ, ಆಮೇಲೆ ಸ್ಕ್ಯಾನ್ ಮಾಡಿಸಿಯೇ ಗೊತ್ತಾದದ್ದು. 36 ವಾರಕ್ಕೂ ಅನುಮಾನ ಇದ್ದರೆ ಸ್ಕ್ಯಾನ್ ಕೇಳಿ.

ಇನ್ನೊಂದು ಮಾತು. ಬರೀ ಒದೆತದ ಜಾಗ ನೋಡುತ್ತಾ, ಒದೆತ ಕಡಿಮೆಯಾದದ್ದನ್ನು ಬಿಟ್ಟುಬಿಡಬೇಡಿ. ಮಾಮೂಲಿಗಿಂತ ಮಗುವಿನ ಮಿಸುಕಾಟ ಕಡಿಮೆ ಅನ್ನಿಸಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಮಾಸು ಮುಂದಿದೆ, ಅದಕ್ಕೆ ತಿಳಿಯುತ್ತಿಲ್ಲ ಅಂತ ಸಮಾಧಾನ ಮಾಡಿಕೊಂಡು ಮರುದಿನಕ್ಕೆ ಕಾಯಬಾರದು.

ಮಂಜೇಶ್ವರದಿಂದ:

ನನ್ನದು ತಿರುಗದ ಕಥೆ, ಅದೂ ಗೊತ್ತಿರಲಿ ಅಂತ ಬರೆಯುತ್ತೇನೆ. 37 ವಾರಕ್ಕೂ ಮಗಳು ಬ್ರೀಚ್. ಡಾಕ್ಟರ್ ಹೊರಗಿನಿಂದ ತಿರುಗಿಸಲು ನೋಡುವಾ ಅಂದರು, ಇಸಿವಿ ಅಂತ ಹೆಸರು. ಮೊದಲ ಬಸುರಾದರೆ 36 ವಾರದಿಂದ, ಮೊದಲೇ ಹೆತ್ತವರಿಗೆ 37ರಿಂದ ಮಾಡುತ್ತಾರಂತೆ. ಸರಿಸುಮಾರು ಅರ್ಧ ಜನಕ್ಕೆ ಆಗುತ್ತದೆ, ಚೊಚ್ಚಲಿನವರಿಗೆ ಅದಕ್ಕಿಂತ ಸ್ವಲ್ಪ ಕಡಿಮೆ. ಗರ್ಭಕೋಶ ಸಡಿಲ ಆಗಲು ಇಂಜೆಕ್ಷನ್ ಕೊಟ್ಟರು. ಮೊದಲೂ ಆಮೇಲೂ ಮಗುವಿನ ಎದೆಬಡಿತ ಯಂತ್ರದಲ್ಲಿ ನೋಡಿದರು. ಆಪರೇಷನ್ ಥಿಯೇಟರ್ ಪಕ್ಕದಲ್ಲೇ ತಯಾರಿತ್ತು. ಒಬ್ಬರು ಸ್ಕ್ಯಾನ್ ಹಿಡಿದಿದ್ದರು, ಡಾಕ್ಟರ್ ಎರಡೂ ಕೈಯಲ್ಲಿ ಕುಂಡೆಯನ್ನು ಮೇಲೆತ್ತಿ ತಲೆಯನ್ನು ಕೆಳಗೆ ನಡೆಸಿದರು. ನೋವಾಯಿತು. ಅರ್ಧ ಹೋಗಿ ಮಗು ವಾಪಸ್ ಬಂತು. ಎರಡನೇ ಸಲವೂ ಹಾಗೆಯೇ ಆದಾಗ ನಿಲ್ಲಿಸಿದರು. ನಿಮ್ಮ ರಕ್ತ ನೆಗೆಟಿವ್ ಗುಂಪಾದರೆ ಮೊದಲೇ ಹೇಳಿ, ಅದಕ್ಕೆ ಬೇರೆ ಇಂಜೆಕ್ಷನ್ ಇದೆ.

ಬ್ರೀಚ್ ಮಗುವನ್ನು ಸಹಜವಾಗಿ ಹೆರಿಗೆ ಮಾಡಿಸುವವರು ಈಗ ಕಡಿಮೆ. 2000ದಲ್ಲಿ ದೊಡ್ಡ ಅಧ್ಯಯನವೊಂದು ಬಂದ ಮೇಲೆ ಹೆಚ್ಚಿನ ಕಡೆ ಸಿಸೇರಿಯನ್ನೇ ರೂಢಿಯಾಯಿತು ಅಂತ ನಮ್ಮ ಡಾಕ್ಟರ್ ವಿವರಿಸಿದರು. ನನಗೂ 39 ವಾರಕ್ಕೆ ಸಿಸೇರಿಯನ್ ಆಯಿತು.

ಮಗಳು ಹುಟ್ಟಿದಾಗ ಎರಡೂ ಕಾಲು ಮುಖದ ಹತ್ತಿರ! ಹೊಟ್ಟೆಯೊಳಗೆ ಹಾಗೆಯೇ ಕೂತಿದ್ದಳಲ್ಲ, ತೊಟ್ಟಿಲಲ್ಲೂ ಕೆಲವು ದಿನ ಪಾದ ಕಿವಿಯ ಪಕ್ಕಕ್ಕೆ ಹೋಗುತ್ತಿತ್ತು. ಮೀಯಿಸಲು ಬಂದ ಅಜ್ಜಿ ಕಾಲು ಎಳೆದು ನೇರ ಮಾಡಲು ಹೊರಟರು, ನಾನು ಬಿಡಲಿಲ್ಲ. ಬ್ರೀಚ್ ಮಕ್ಕಳಿಗೆ ಸೊಂಟದ ಕೀಲು ಸರಿಯಾಗಿ ಕೂತಿರುವುದಿಲ್ಲ ಅನ್ನುವ ಸಾಧ್ಯತೆ ಜಾಸ್ತಿ. ಹಾಗಾಗಿ ಕಾಲು ಎಳೆಯುವುದು, ನೇರ ಮಾಡಿ ಬಿಗಿಯಾಗಿ ಬಟ್ಟೆ ಸುತ್ತುವುದು ಬೇಡ. ಆರು ವಾರಕ್ಕೆ ಸೊಂಟದ ಸ್ಕ್ಯಾನ್ ಮಾಡಿಸಿದೆವು, ಸರಿಯಿತ್ತು. ಹೊಟ್ಟೆಯೊಳಗೇ ತಿರುಗಿದರೂ, ಕೊನೆಯ ವಾರಗಳಲ್ಲಿ ಬ್ರೀಚ್ ಇತ್ತು ಅಂತ ಮಕ್ಕಳ ಡಾಕ್ಟರಿಗೆ ಹೇಳಲು ಮರೆಯಬೇಡಿ.

ಹೊಸಂಗಡಿಯಿಂದ:

ನನ್ನ ಮೂರನೆಯದು ಅಡ್ಡ ಇತ್ತು, 2020ರ ಮಾರ್ಚ್ ಕೊನೆಗೆ. ಮೊದಲಿನಿಂದ ಮಂಗಳೂರಿನಲ್ಲಿ ತೋರಿಸುತ್ತಿದ್ದೆ. ಕೊರೊನಾ ಅಂತ ಕರ್ನಾಟಕ-ಕೇರಳ ಗಡಿಯ ತಲಪಾಡಿ ದಾರಿ ಮುಚ್ಚಿದಾಗ ಫೈಲ್ ಎಲ್ಲ ಆಚೆಯ ಆಸ್ಪತ್ರೆಯಲ್ಲಿ, ನಾನು ಈಚೆ. ಕಾಸರಗೋಡಿನಲ್ಲಿ ಶುರುವಿನಿಂದ ಎಲ್ಲ ಹೇಳಬೇಕಾಯಿತು. ದೇವರ ದಯೆ, ಸುಖವಾಗಿ ಮುಗಿಯಿತು. ನೀವು ಎಲ್ಲ ರಿಪೋರ್ಟಿನ ಪ್ರತಿ ಕೈಯಲ್ಲಿ ಇಟ್ಟುಕೊಳ್ಳಿ, ಫೋನಿನಲ್ಲೂ ಫೋಟೋ ಇರಲಿ. ಮಗು ಅಡ್ಡವೋ ಬ್ರೀಚೋ ಇರುವಾಗ ನೀರು ಹೋದರೆ ನೋವು ಬರಲಿ ಅಂತ ಕಾಯಬೇಡಿ. ಹೊಕ್ಕುಳಬಳ್ಳಿ ಮೊದಲು ಜಾರಿ ಬರುವ ಅಪಾಯ ಇದೆ. ಮಗ್ಗುಲಾಗಿ ಮಲಗಿ, 108ಕ್ಕೆ ಫೋನ್ ಮಾಡಿ.

ಬದಿಯಡ್ಕದವಳೇ ಮತ್ತೆ:

ಎಲ್ಲವನ್ನೂ ಎರಡೆರಡು ಸಲ ಓದಿದೆ. ಎಣ್ಣೆ ಹಚ್ಚುವವರ ವಿಷಯ ಮಾತ್ರ ಉಳಿಯಿತು. ಅತ್ತೆ ಕೆಟ್ಟದ್ದಕ್ಕೆ ಹೇಳುತ್ತಿಲ್ಲ. ಅವರ ಕಾಲದಲ್ಲಿ ಮನೆಯಲ್ಲೇ ಹೆರಿಗೆ, ಸೂಲಗಿತ್ತಿಯೇ ಎಲ್ಲ.

ಕುಂಬಳೆಯಿಂದ:

ಅವರ ಮೇಲೆ ನನಗೂ ಗೌರವ ಇದೆ. ಬೆನ್ನಿಗೆ, ಕಾಲಿಗೆ ಹಗುರವಾಗಿ ಎಣ್ಣೆ ಹಚ್ಚಿಸಿಕೊಳ್ಳಿ. ಹೊಟ್ಟೆ ಒತ್ತಿ ತಿರುಗಿಸುವುದು ಬೇಡವೇ ಬೇಡ. ನಿಮ್ಮ ಮಾಸು ಮುಂದಿದೆ, ಒತ್ತುವ ಕೈಯ ನೇರ ಕೆಳಗೆ. ಅದು ಗೋಡೆ ಬಿಟ್ಟು ರಕ್ತ ಹೋದರೆ ಮನೆಯಲ್ಲಿ ಯಾರ ಕೈಯಲ್ಲೂ ನಿಲ್ಲಿಸಲು ಆಗುವುದಿಲ್ಲ. ಡಾಕ್ಟರ್ ತಿರುಗಿಸುವಾಗಲೂ ಥಿಯೇಟರ್ ತಯಾರಿತ್ತು ಅಂತ ಮಂಜೇಶ್ವರದವರು ಬರೆದದ್ದನ್ನೇ ಅತ್ತೆಗೆ ಓದಿ ಹೇಳಿ. ಮುಂದಿನ ಸಲ ಅವರನ್ನೂ ಒಳಗೆ ಕರೆದುಕೊಂಡು ಹೋಗಿ.

ಬದಿಯಡ್ಕದವಳು, 10 ದಿನದ ನಂತರ:

ಹೋಗಿ ಬಂದೆವು. ಮಗು ಇನ್ನೂ ಹಾಗೆಯೇ ಇದೆ. ಅತ್ತೆಯೂ ಒಳಗೆ ಬಂದರು. ಡಾಕ್ಟರ್ ಅವರ ಕೈಯನ್ನು ಹಿಡಿದು ನನ್ನ ಎಡ ಪಕ್ಕೆಲುಬಿನ ಕೆಳಗೆ ಇಟ್ಟು, "ಇದು ತಲೆ, ನೋಡಿ ಅಮ್ಮ" ಅಂದರು. ಅತ್ತೆ ಸ್ವಲ್ಪ ಹೊತ್ತು ಕೈ ತೆಗೆಯಲೇ ಇಲ್ಲ. 36 ವಾರ ಆದ ಕೂಡಲೇ ಪುನಃ ಸ್ಕ್ಯಾನ್, ಆಗಲೂ ತಿರುಗದಿದ್ದರೆ ಇಸಿವಿ ಬಗ್ಗೆ ಮಾತಾಡುವಾ ಅಂದಿದ್ದಾರೆ. ನನ್ನದು ಓ ಪಾಸಿಟಿವ್, ಅದನ್ನೂ ಕೇಳಿ ಬರೆದುಕೊಂಡರು. ನಿನ್ನೆ ರಾತ್ರಿ ನಿದ್ದೆ ಬಂತು.