ಹೆಡ್ ಟ್ರ್ಯಾಕರ್ ತಾನಾಗಿಯೇ ಎಡಕ್ಕೆ ಜಾರ್ತಾ ಇದೆ, ದಯವಿಟ್ಟು ಹೇಳಿ

ಡೊಂಬಿವಲಿ_ಬೆಸುಗೆ:
ಮೂರು ವಾರದಿಂದ ತಲೆ ಕೆಟ್ಟು ಹೋಗಿದೆ. ವಿಆರ್‌ಗೆ (ವರ್ಚುವಲ್ ರಿಯಾಲಿಟಿ) ಅಂತ ಕಡಿಮೆ ಖರ್ಚಿನಲ್ಲಿ ಹೆಡ್ ಟ್ರ್ಯಾಕರ್ ಕಟ್ಟಿದ್ದೇನೆ, ತಲೆ ತಿರುಗಿಸಿದಂತೆ ದೃಶ್ಯ ತಿರುಗಿಸುವ ಸಾಧನ. ತಲೆ ಎತ್ತಿದರೆ, ಪಕ್ಕಕ್ಕೆ ವಾಲಿಸಿದರೆ ಎಲ್ಲಾ ಸರಿ. ಆದರೆ ಸುಮ್ನೆ ನೇರ ಕೂತರೂ ದೃಶ್ಯ ಮೆಲ್ಲಗೆ ಎಡಕ್ಕೆ ಸರಿಯುತ್ತದೆ. ಅದರ ಜೊತೆ ನಾನೂ ತಿರುಗುತ್ತಾ ಹೋಗಿ, ಹತ್ತು ನಿಮಿಷದಲ್ಲಿ ಗೋಡೆಗೆ ಮುಖ ಮಾಡಿ ಕೂತಿರುತ್ತೇನೆ. ಸೆನ್ಸರ್ ರೀಡಿಂಗ್‌ಗಳನ್ನು ಸೇರಿಸಿ ತಲೆಯ ದಿಕ್ಕು ಲೆಕ್ಕ ಹಾಕುವ ಮ್ಯಾಡ್ಜ್‌ವಿಕ್ ಫಿಲ್ಟರ್ ಕೋಡ್ ಹಾಕಿದ್ದೇನೆ. ವೈರಿಂಗ್ ಸರಿ ಇದೆ.

ಕೊಥ್ರುಡ್_ಗೈರೋ:
ಗೈರೋ ಬಯಾಸ್, ಬೇರೇನೂ ಅಲ್ಲ. ತಿರುಗುವ ವೇಗ ಅಳೆಯುವ ಗೈರೋ, ಸುಮ್ಮನಿದ್ದಾಗಲೂ ಚೂರು ತಿರುಗುತ್ತಿದೆ ಅಂತ ತೋರಿಸುತ್ತದೆ. ಬೋರ್ಡನ್ನು ಅಲುಗಾಡದಂತೆ ಮೇಜಿನ ಮೇಲಿಟ್ಟು ಎರಡು ಸಾವಿರ ರೀಡಿಂಗ್‌ನ ಸರಾಸರಿ ತೆಗೆದು ಕಳೆಯಿರಿ. ಚಿಪ್ ಬಿಸಿಯಾದಂತೆ ಬಯಾಸ್ ಬದಲಾಗುತ್ತದೆ. ಐದು ನಿಮಿಷ ಆನ್ ಮಾಡಿಟ್ಟು ಆಮೇಲೆ ಮಾಡಿ.

ಡೊಂಬಿವಲಿ_ಬೆಸುಗೆ:
ಮಾಡಿದೆ. ಜಾರುವುದು ನಿಧಾನ ಆಯಿತು, ನಿಲ್ಲಲಿಲ್ಲ.

ಕೊಥ್ರುಡ್_ಗೈರೋ:
ಸರಿಯಾಗಿ ಬಿಸಿಯಾಗಿಲ್ಲ. ಹದಿನೈದು ನಿಮಿಷ ಬಿಡಿ. ಫ್ಯಾನ್ ಆಫ್ ಮಾಡಿ.

ಮಾಪ್ಸಾ12:
ಯಾವ ಚಿಪ್ ಅಂತಲೇ ಹೇಳಿಲ್ಲವಲ್ಲ! ದಿಕ್ಸೂಚಿ ಇಲ್ಲದ ಎಂಪಿಯು-6050 ಆದರೆ ಇದು ನಿಲ್ಲುವುದೇ ಇಲ್ಲ. ಮೇಲೆ-ಕೆಳಗೆ, ವಾಲುವುದು, ಇವಕ್ಕೆ ಭೂಮಿಯ ಸೆಳೆತ ಆಧಾರ. ಎಡ-ಬಲಕ್ಕೆ ಆ ಆಧಾರ ಇಲ್ಲ, ದಿಕ್ಸೂಚಿ ಬೇಕು.

ಡೊಂಬಿವಲಿ_ಬೆಸುಗೆ:
9250 ಸ್ವಾಮಿ, ದಿಕ್ಸೂಚಿ ಒಳಗೇ ಇದೆ. ಮುಂಬೈನ ಲ್ಯಾಮಿಂಗ್ಟನ್ ರೋಡಿನ ಒಂದು ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ತಗೊಂಡೆ.

ಕೊಥ್ರುಡ್_ಗೈರೋ:
ನಮ್ಮ ಪುಣೆಯ ತಪಕೀರ್ ಗಲ್ಲಿಗೆ ಬರಬಹುದಿತ್ತು.

ಮಾಟುಂಗ_ಎಲ್‌ಇಡಿ:
ಒಂದು ಚಿಪ್ಪಿಗೆ ಪುಣೆಗೆ ಯಾರು ಹೋಗುತ್ತಾರೆ? ನಾನಂತೂ ಚಿಪ್ಪನ್ನೇ ಬಿಟ್ಟೆ. ಟೋಪಿಗೆ ಮೂರು ಇನ್‌ಫ್ರಾರೆಡ್ ಎಲ್‌ಇಡಿ, ಎದುರಿಗೆ ಪ್ಲೇಸ್ಟೇಷನ್ 3ರ ‘ಪಿಎಸ್3 ಐ’ ಕ್ಯಾಮೆರಾ. ಒಳಗಿನ, ಇನ್‌ಫ್ರಾರೆಡ್ ತಡೆಯುವ ಫಿಲ್ಟರ್ ಕಿತ್ತು, ಮಾಮೂಲಿ ಬೆಳಕು ತಡೆಯಲು ಹಳೇ ಫ್ಲಾಪಿಯ ಕಪ್ಪು ಹಾಳೆ ಅಂಟಿಸಿದ್ದೇನೆ. 640×480ರಲ್ಲಿ ಸೆಕೆಂಡಿಗೆ 60 ಫ್ರೇಮ್. ಒಂದು ಚೂರೂ ಜಾರಲ್ಲ.

ಕೊಥ್ರುಡ್_ಗೈರೋ:
ಹಿಂದೆ ತಿರುಗಿದರೆ ಕ್ಯಾಮೆರಾಗೆ ಎಲ್‌ಇಡಿ ಕಾಣುತ್ತಾ? ವಿಆರ್‌ಗೆ ಅದು ಆಗಲ್ಲ.

ಮಾಪ್ಸಾ12:
ಬೋರ್ಡಿನ ಮೇಲೆ ಏನು ಅಚ್ಚಾಗಿದೆ, ಅಕ್ಷರಕ್ಕೆ ಅಕ್ಷರ ಬರೆಯಿರಿ.

ಡೊಂಬಿವಲಿ_ಬೆಸುಗೆ:
ಎಂಪಿಯು-9250/6500.

ಮಾಪ್ಸಾ12:
ಆ ಗೀಟಿನಲ್ಲೇ ಇದೆ ವಿಷಯ. ಎರಡಕ್ಕೂ ಅದೇ ಬೋರ್ಡ್. ಚಿಪ್ ತನ್ನ ಗುರುತು ಹೇಳುವ ಹೂ-ಆಮ್-ಐ ರಿಜಿಸ್ಟರ್ ಓದಿ, ವಿಳಾಸ ಹೆಕ್ಸ್ 75. 71 ಬಂದರೆ 9250. 70 ಬಂದರೆ 6500, ಅದರಲ್ಲಿ ದಿಕ್ಸೂಚಿ ಇಲ್ಲ. ದಿಕ್ಸೂಚಿಯ ಮೂರೂ ರೀಡಿಂಗ್ ಸೊನ್ನೆ ಇದ್ದರೆ ಮ್ಯಾಡ್ಜ್‌ವಿಕ್ ಕೋಡ್ ಸದ್ದಿಲ್ಲದೆ ದಿಕ್ಸೂಚಿ ಬಿಟ್ಟು, ಬರೀ ಗೈರೋ ಮತ್ತು ಆಕ್ಸೆಲೆರೋಮೀಟರ್ (ಭೂಮಿಯ ಸೆಳೆತ ಗುರುತಿಸುವ ಸೆನ್ಸರ್) ಲೆಕ್ಕಕ್ಕೆ ಹೊರಳುತ್ತದೆ. ಎರರ್ ಬರಲ್ಲ. ಅದಕ್ಕೇ ನಿಮಗೆ ಗೊತ್ತಾಗಿಲ್ಲ.

ಡೊಂಬಿವಲಿ_ಬೆಸುಗೆ:
70.
ಮೂರು ವಾರ ಹೋಯಿತು. ತುಂಬಾ ಥ್ಯಾಂಕ್ಸ್. ಬೇರೆ ದಿಕ್ಸೂಚಿ ಚಿಪ್ ತಂದು ಪಕ್ಕದಲ್ಲೇ ಬೆಸೆಯಲಾ? ಪೆಟ್ಟಿಗೆ ಹಳೇ ಗೂಗಲ್ ಕಾರ್ಡ್‌ಬೋರ್ಡ್ (ಫೋನ್ ಇಟ್ಟು ನೋಡುವ ರಟ್ಟಿನ ವಿಆರ್ ಪೆಟ್ಟಿಗೆ), ಪಕ್ಕದಲ್ಲಿ ಆಯಸ್ಕಾಂತದ ಬಟನ್ ಇರುವುದು.

ಮಾಪ್ಸಾ12:
ಇದನ್ನು ಮೊದಲೇ ಹೇಳಬೇಕಿತ್ತು! 2014ರ ಆ ಮಾದರಿಯ ಬಟನ್ನೇ ಆಯಸ್ಕಾಂತ. ಆಯಸ್ಕಾಂತ ದಿಕ್ಸೂಚಿಯನ್ನು ದಾರಿ ತಪ್ಪಿಸುತ್ತದೆ. ಒಂದೇ ಕಡೆ ಇರುವ ಆಯಸ್ಕಾಂತವಾದರೆ ಕ್ಯಾಲಿಬ್ರೇಟ್ ಮಾಡಿ ಅದರ ಪರಿಣಾಮ ಕಳೆಯಬಹುದು. ಇದು ಒತ್ತಿದಾಗೆಲ್ಲಾ ಜಾಗ ಬದಲಿಸುತ್ತದೆ. ಕಿತ್ತು ಹಾಕಿ ಸಾದಾ ಪುಶ್ ಬಟನ್ ಕೂರಿಸಿ. ಹೊಸ ಚಿಪ್ಪನ್ನು ಹಿಂದಿನ ಪಟ್ಟಿಗೆ ಕಟ್ಟಿ, ಫೋನಿನ ಸ್ಪೀಕರ್‌ನಿಂದಲೂ ದೂರ ಇರುತ್ತದೆ.

ಡೊಂಬಿವಲಿ_ಬೆಸುಗೆ:
ಆಯಸ್ಕಾಂತ ಈಗಲೇ ಕಿತ್ತೆ. ಶನಿವಾರ ಲ್ಯಾಮಿಂಗ್ಟನ್ ರೋಡಿಗೆ ಹೋಗುತ್ತೇನೆ.

ಕೊಥ್ರುಡ್_ಗೈರೋ:
ಬಯಾಸ್ ಕಳೆಯುವುದನ್ನು ಮಾತ್ರ ಬಿಡಬೇಡಿ. ಬಿಸಿ ಮಾಡಿಯೇ.