ಅಪ್‌ಡೇಟ್: ಅವ್ವನ ಆಯುಷ್ಮಾನ್ ಕಾರ್ಡ್ ಆಯ್ತ್ರಿ

ಕಲಬುರಗಿಯೊಳಗ ಅವ್ವಗ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್ (ದವಾಖಾನಿ ಖರ್ಚು ಸರ್ಕಾರ ಕೊಡೋ ಯೋಜನಾದ್ದು) ಎಲ್ಲಿ ಮಾಡಿಸ್ಬೇಕು ಅಂತ ಹಿಂದ ಕೇಳಿದ್ದೆ ನೋಡ್ರಿ, ಕೆಲಸ ಆಯ್ತು. ಕರ್ನಾಟಕ ಒನ್ ಸೇವಾ ಕೇಂದ್ರದಾಗ ಆಧಾರ್, ರೇಷನ್ ಕಾರ್ಡ್ ಕೇಳಿದ್ರು, ಆದ್ರ ಅವ್ವನ ಹೆಬ್ಬೆಟ್ಟು ಮಷೀನ್ ತಗೋವಲ್ದು, ಜೀವನಪೂರ್ತಿ ತೊಗರಿ ಹೊಲದಾಗ ದುಡ್ದ ಕೈ ರೀ, ಗೆರಿ ಎಲ್ಲಾ ಸವೆದು ಹೋಗ್ಯಾವ, ಕಡೀಕ ಆಧಾರ್‌ಗೆ ಲಿಂಕ್ ಇದ್ದ ಮೊಬೈಲ್‌ಗೆ ಓಟಿಪಿ ತರಿಸಿ ಮಾಡಿಕೊಟ್ರು. ವಯಸ್ಸಾದೋರನ್ನ ಕರ್ಕೊಂಡು ಹೋಗೋರು ಆ ನಂಬರಿನ ಫೋನ್ ತಪ್ಪದ ಒಯ್ರಿ.

ಬಿಪಿಎಲ್ ಇದ್ರ ವರ್ಷಕ್ಕ 5 ಲಕ್ಷ ತನಕ ಚಿಕಿತ್ಸಾ ಖರ್ಚು ಸರ್ಕಾರದ್ದು, ಅದು ಇಡೀ ಮನಿಗೆ ಸೇರಿ, ಒಬ್ಬೊಬ್ಬರಿಗೆ ಅಲ್ಲ. ಎಪಿಎಲ್‌ನವ್ರಿಗೆ ಪ್ಯಾಕೇಜ್ ದರದಾಗ (ಒಂದೊಂದು ಚಿಕಿತ್ಸಾಕ್ಕ ಯೋಜನಾದಾಗ ಗೊತ್ತು ಮಾಡಿದ ದರ) 30% ಅಷ್ಟೇ ಸರ್ಕಾರ ಕೊಡ್ತದ, ಮಿತಿ ಮನಿಗೆ ವರ್ಷಕ್ಕ 1.5 ಲಕ್ಷ.

ಕಾರ್ಡ್ ಇದ್ರ ಸೀದಾ ಪ್ರೈವೇಟ್‌ಗೆ ಹೋಗ್ಬಹುದು ಅಂತ ಕೆಲವ್ರು ಹೇಳಿದ್ರಿ, ಹಂಗಿಲ್ರಿ, ಎಮರ್ಜೆನ್ಸಿ ಬಿಟ್ರ ಮೊದಲು ಸರ್ಕಾರಿ ದವಾಖಾನಿಗೆ ತೋರಿಸ್ಬೇಕು, ಅಲ್ಲಿ ಆ ಟ್ರೀಟ್‌ಮೆಂಟ್ ಇಲ್ಲಂದ್ರ ರೆಫರಲ್ ಬರ್ದು ಕೊಡ್ತಾರ, ಆ ಚೀಟಿ ಇಲ್ದ ಅಡ್ಮಿಟ್ ಆಗಿ ಬಿಲ್ ಮೈಮ್ಯಾಲ ಹಾಕ್ಕೋಬ್ಯಾಡ್ರಿ, ಇದೊಂದು ಎಲ್ಲಾರಿಗೂ ಹೇಳ್ರಿ ದಯವಿಟ್ಟು. ಡೌಟ್ ಇದ್ರ ಆರೋಗ್ಯ ಸಹಾಯವಾಣಿ 104ಕ್ಕ ಫೋನ್ ಮಾಡಿ ಕೇಳ್ಬಹುದು.

ಅವ್ವನ್ನ ಸೋಮವಾರ ಇಲ್ಲಿನ ಸರ್ಕಾರಿ ದವಾಖಾನಿ ಜಿಮ್ಸ್‌ಗೆ ಕರ್ಕೊಂಡು ಹೊಂಟೀವಿ. ದಾರಿ ತೋರಿಸಿದ ಅಣ್ಣಾರು, ಅಕ್ಕಾರು ಎಲ್ಲಾರದೂ ಭಾಳ ಉಪಕಾರ ಆಯ್ತ್ರಿ.