ಸಮಸ್ಯಾಪೂರಣ: ‘ಮುಳುಗಿದವಳೇ ದಡಕೆ ತಂದಳು ಮುಳುಗದವರನ್ನು’

ಪ್ರಾಸಪ್ರಿಯ:
ಈ ವಾರದ ಸಮಸ್ಯೆ ಭಾಮಿನಿ ಷಟ್ಪದಿಯ ಕೊನೆಯ ಸಾಲು. ಮೇಲೆ ಕೊಟ್ಟಿದ್ದೇನೆ, ಮೊದಲ ಐದು ಸಾಲು ನೀವು ಬರೆದು ಪದ್ಯ ತುಂಬಿಸಿ. ಸಿಂಹಪ್ರಾಸ, ಅಂದರೆ ಪ್ರತಿ ಸಾಲಿನ ಮೊದಲಕ್ಷರ ಹ್ರಸ್ವ (ಲಘು), ಎರಡನೆಯದು ಪ್ರಾಸಾಕ್ಷರ ‘ಳ’. ವಸ್ತು ಫಿಜಿ ದ್ವೀಪಗಳ ತೋಟಗಳಿಗೆ ಐದು ವರ್ಷದ ಕರಾರಿನ ಮೇಲೆ ಕೂಲಿಗೆ ಹೋದ ಗಿರ್ಮಿಟ್ ಹೆಂಗಸರು. ‘ಅಗ್ರಿಮೆಂಟ್’ ಅನ್ನುವ ಮಾತು ಆ ಕೂಲಿಗಳ ಬಾಯಲ್ಲಿ ಗಿರ್ಮಿಟ್ ಆಯಿತು. 1879ರಿಂದ 1916ರವರೆಗೆ 60,000ಕ್ಕೂ ಹೆಚ್ಚು ಜನರನ್ನು ನಮ್ಮ ದೇಶದಿಂದ ಅಲ್ಲಿಗೆ ಸಾಗಿಸಿದರು. 100 ಗಂಡಸರಿಗೆ 40 ಹೆಂಗಸರು ಇರಲೇಬೇಕು ಅಂತ ಲೆಕ್ಕ. ಕೂಲಿ ಗಂಡಸಿಗೆ ದಿನಕ್ಕೆ 1 ಶಿಲ್ಲಿಂಗ್, ಹೆಂಗಸಿಗೆ 9 ಪೆನ್ನಿ. ಪಾತ್ರ ಕಲ್ಪಿಸಿಕೊಳ್ಳಿ, ಕಾಲ ಮಾತ್ರ ತಪ್ಪಬಾರದು.

ಹೊಳೆಸಾಲು:
ನನಗೆ ಕಲ್ಪನೆ ಬೇಕಾಗಲಿಲ್ಲ. ಫಿಜಿಯಲ್ಲಿ ಕೂಲಿಯಾಗಿದ್ದ ಕುಂತಿ ಅನ್ನುವ ನಿಜವಾದ ಹೆಂಗಸೇ ಕಣ್ಣಮುಂದೆ ಬಂದಳು.

ಕಳೆಯ ಕೀಳಲು ಬಾಳೆತೋಟದಿ
ಬಳಿಯೊಳಾರಿಲ್ಲದೆಡೆಗಟ್ಟಿದ
ಬಿಳಿಯ ಮೇಸ್ತ್ರಿಯ ಹಿಡಿತ ಕೊಡಹುತ ಹಾರಿ ಹೊಳೆಯೊಳಗೆ
ಎಳೆಯ ಹುಡುಗನ ಪುಟ್ಟ ದೋಣಿಯೊ-
ಳುಳಿದು ಬರೆಸಿದ ಓಲೆಯಿಂದಲೆ
ಮುಳುಗಿದವಳೇ ದಡಕೆ ತಂದಳು ಮುಳುಗದವರನ್ನು

ಗೋರಖಪುರದ ಕಡೆಯ ಹೆಣ್ಣುಮಗಳು. ಮೊದಲ ಮಹಾಯುದ್ಧಕ್ಕೆ ಮುಂಚೆ ಫಿಜಿಯ ರೇವಾ ಸೀಮೆಯಲ್ಲಿ ನಡೆದದ್ದು. ದೋಣಿಯ ಹುಡುಗ ಜಗದೇವ. ಅವಳ ಹೇಳಿಕೆ ಕಲ್ಕತ್ತೆಯ ‘ಭಾರತ ಮಿತ್ರ’ ಪತ್ರಿಕೆಯಲ್ಲಿ ಬಂತು. ಸುಳ್ಳು ಅಂತ ಅಧಿಕಾರಿಗಳು ಜರೆದರೂ ಮಾತು ಬದಲಿಸಲಿಲ್ಲ.

ಹೊಸಹೆಜ್ಜೆ:
ಪದ್ಯ ಓದಿ ಎದೆ ಭಾರವಾಯಿತು ಸರ್. ಆದರೆ ಕುಂತಿ ಬದುಕಿ ಬಂದವಳಲ್ಲವೇ, ‘ಮುಳುಗಿದವಳು’ ಹೇಗಾದಾಳು? ಇನ್ನೊಂದು, ನಾನು ‘ಬಾಳೆಯೆಲೆಗಳ’ ಅಂತ ಶುರುಮಾಡಿದ್ದೆ, ನಡೆಯುತ್ತದೆಯೇ?

ಪ್ರಾಸಪ್ರಿಯ:
‘ಬಾ’ ದೀರ್ಘ, ಅದು ಗಜಪ್ರಾಸ. ಇಲ್ಲಿ ಮೊದಲಕ್ಷರ ಲಘುವೇ ಆಗಬೇಕು, ‘ಎಳೆಯ ಬಾಳೆಯ’ ಅಂತ ತಿರುಗಿಸಿ. ಇನ್ನು ಮುಳುಗುವುದು ಅಂದರೆ ಸಾಯುವುದು ಅಂತ ಯಾಕೆ ಹಿಡಿಯಬೇಕು? ಮುಳುಗಿ ಎದ್ದವಳೂ ಮುಳುಗಿದವಳೇ. ದಡ ಸೇರಿದವರು ಯಾರು ಅಂದರೆ, ಇನ್ನೂ ಕರಾರಿನಲ್ಲಿ ಸಿಕ್ಕಿಕೊಂಡಿದ್ದವರು. ಇಂಥ ಹೆಂಗಸರ ಸುದ್ದಿ ಊರೂರಿಗೆ ಮುಟ್ಟಿ ಜನ ಸಿಡಿದೆದ್ದದ್ದಕ್ಕೇ 1920ರ ಜನವರಿ 1ರಂದು ಉಳಿದ ಗಿರ್ಮಿಟ್‌ಗಳೆಲ್ಲ ರದ್ದಾದವು.

ಕಬ್ಬಿನಂಚು:
ಹೊಳೆಸಾಲು ಅವರ ಪೂರಣಕ್ಕೆ ಕೈಮುಗಿದೆ. ನನ್ನ ಮನಸ್ಸು ಮಾತ್ರ ಹೊಳೆಗೆ ಹಾರದವಳ ಹಿಂದೆ ಹೋಯಿತು. ಅವಳ ಹೆಸರು ಯಾವ ಪತ್ರಿಕೆಯಲ್ಲೂ ಬರಲಿಲ್ಲ. 10 ಅಡಿಗೆ 7 ಅಡಿಯ ‘ಲೈನು’ ಅನ್ನುವ ಕೂಲಿಗಳ ಸಾಲುಮನೆಯ ಕೋಣೆಯಲ್ಲಿ ನಸುಕಿಗೇ ಎದ್ದು ಒಲೆ ಹೊತ್ತಿಸಿದವಳು.

ಬೆಳಗು ಮೂಡುವ ಮುನ್ನ ರೊಟ್ಟಿಯ
ಗಳಿಗೆಯೊಳು ಸುಟ್ಟೆತ್ತಿ ಸೆರಗಿನ
ಒಳಗೆ ಕಟ್ಟಿದಳೆರಡ, ಕಬ್ಬಿನ ಕಾಡಿಗಿಳಿದವಳು
ಅಳಲನಾರಿಗು ಹೇಳದೈದೂ
ಮಳೆಯ ಕಾಲವನೀಸಿ ಬೆವರಲಿ
ಮುಳುಗಿದವಳೇ ದಡಕೆ ತಂದಳು ಮುಳುಗದವರನ್ನು

ಹೊಳೆಸಾಲು:
‘ಮಳೆಯ ಕಾಲವನೀಸಿ’! ಐದು ವರ್ಷದ ಕರಾರು ಇಡಿಯಾಗಿ ಒಂದು ಹೊಳೆಯೇ ಆಗಿಬಿಟ್ಟಿತು. ನನ್ನ ಕುಂತಿ ಒಮ್ಮೆ ಹಾರಿದಳು, ನಿಮ್ಮವಳು ದಿನಾ ಈಜಿದಳು. ನಿಮ್ಮದೇ ಹೆಚ್ಚು ಅಕ್ಕಾ, ಮನಸಾರೆ ಹೇಳುತ್ತಿದ್ದೇನೆ. ಒಂದೇ ಪ್ರಶ್ನೆ. ಒಬ್ಬಳೇ ಹೋಗುವವಳು ರೊಟ್ಟಿ ಎರಡು ಯಾಕೆ ಕಟ್ಟಿಕೊಂಡಳು?

ಕಬ್ಬಿನಂಚು:
ಪಕ್ಕದ ಸಾಲಿನಲ್ಲಿ ಕಳೆ ಕೀಳುತ್ತಿದ್ದ ಬಸುರಿಗೆ ಒಂದು.